ಅಕ್ಕನ ಹೃದಯದಲ್ಲಿ ಒಂದು ಬೆರಳಗಲ

ಆಕ್ಲೆಂಡ್, ವಿಮಾನ ನಿಲ್ದಾಣ

ನ್ಯೂಜಿಲೆಂಡಿನೊಳಗೆ ಬಿಡುವ ಮೊದಲು ಅಲ್ಲಿಯವರು ನನ್ನ ಬೂಟು ತೊಳೆದರು. ಹೊರದೇಶದ ಮಣ್ಣು, ಬೀಜ, ಕಾಯಿ ಯಾವುದೂ ತಮ್ಮ ನೆಲಕ್ಕೆ ಬೀಳಬಾರದು ಎಂಬುದು ಆ ದೇಶದ ಕಟ್ಟುನಿಟ್ಟು. ಕೈಗವಸು ಹಾಕಿದ್ದ ಅಧಿಕಾರಿಯೊಬ್ಬರು ಬೂಟಿನ ಅಡಿ ತಿರುಗಿಸಿ, ಗೀರುಗಳಲ್ಲಿ ಕೂತಿದ್ದ ಕೆಂಪು ಮಣ್ಣನ್ನು ತೋರಿಸಿ, "ಎಲ್ಲಿಯದು?" ಎಂದು ಕೇಳಿದರು. ಕೊಪ್ಪದ್ದು ಎಂದೆ. ಒಂದೊಂದೇ ಅಕ್ಷರ ಕೇಳಿ ಹಾಗೆಯೇ ಬರೆದುಕೊಂಡರು. ಆಮೇಲೆ ಬೂಟನ್ನು ಒಳಗೆ ಒಯ್ದು, ಉಜ್ಜಿ, ಒರೆಸಿ ತಂದುಕೊಟ್ಟರು. ಕೊಂಡ ದಿನವೂ ಅದು ಅಷ್ಟು ಸ್ವಚ್ಛವಾಗಿರಲಿಲ್ಲ.

ಜೇಬಿನಲ್ಲಿದ್ದ ಅಡಿಕೆಯ ಪೊಟ್ಟಣವನ್ನು ನಾನೇ ತೆಗೆದು ಮೇಜಿನ ಮೇಲಿಟ್ಟೆ.

"ತಿನ್ನುವುದೇ?"

"ಜಗಿಯುವುದು."

"ನುಂಗುವುದಿಲ್ಲವೇ?"

"ಇಲ್ಲ."

ಅವರು ಸ್ವಲ್ಪ ಹೊತ್ತು ಯೋಚಿಸಿ ಪೊಟ್ಟಣವನ್ನು ಕಸದ ಡಬ್ಬಕ್ಕೆ ಹಾಕಿದರು. ಬಸರೀಕಟ್ಟೆಯ ಕಾಫಿ ಪುಡಿಗೆ ಅಡ್ಡಿ ಬರಲಿಲ್ಲ. ಕೊನೆಗೆ ಉಳಿದದ್ದು ಒಂದು ಬಟ್ಟೆಯ ಚೀಲ. ಅದನ್ನು ಒಳಗು ಹೊರಗು ಮಾಡಿ ನೋಡಿ, ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿ, "ಒಳ್ಳೆಯ ಕೆಲಸ" ಎಂದು ವಾಪಸು ಕೊಟ್ಟರು.

ಆ ಚೀಲ ಹೊಲಿದವಳು ನನ್ನ ಅಕ್ಕ ಗಿರಿಜೆ. ನಾನು ಅಲ್ಲಿಗೆ ಹೋದದ್ದರಲ್ಲಿ ಅರ್ಧ ಅವಳಿಗಾಗಿ.

ಕೊಪ್ಪ, ಹೊರಡುವ ಮುನ್ನ

ಇದು ೨೦೦೭ರ ಮಾತು. ನಾನು ಶಿವಮೊಗ್ಗದ ಒಂದು ದಿನಪತ್ರಿಕೆಗೆ ಕೊಪ್ಪದಿಂದ ವರದಿ ಕಳಿಸುತ್ತಿದ್ದೆ. ಹೈನುಗಾರಿಕೆ ನೋಡಿ ಬರಲು ಕೆಲವು ಪತ್ರಕರ್ತರನ್ನು ನ್ಯೂಜಿಲೆಂಡಿಗೆ ಕರೆದಾಗ ಪತ್ರಿಕೆಯವರು ನನ್ನ ಹೆಸರು ಕೊಟ್ಟರು.

ಗಿರಿಜಕ್ಕನ ಹೊಲಿಗೆ ಅಂಗಡಿ ಕೊಪ್ಪದ ಬಸ್ ನಿಲ್ದಾಣದ ಹಿಂದೆ. ಹಿಂದಿನ ವರ್ಷ ಯಂತ್ರದ ಮುಂದೆ ಕೂತಿದ್ದಾಗಲೇ ಅವಳಿಗೆ ಹೃದಯಾಘಾತವಾಗಿತ್ತು. ಬದುಕಿದಳು. ಆದರೆ ಹೃದಯದ ತುದಿಯ ಭಾಗ ಸತ್ತು, ತೆಳ್ಳಗಾಗಿ, ಪ್ರತಿ ಬಡಿತಕ್ಕೂ ಹೊರಗೆ ಉಬ್ಬುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಕೂರಬೇಕು; ಯಂತ್ರದ ಪೆಡಲ್ ತುಳಿಯುವಂತಿಲ್ಲ.

ಕರಾವಳಿಯ ಆಸ್ಪತ್ರೆಯೊಂದರ ಶಸ್ತ್ರವೈದ್ಯರು ಒಂದು ದಾರಿ ಹೇಳಿದ್ದರು. ತೆಳ್ಳಗಾದ ಭಾಗ ಕತ್ತರಿಸಿ ತೆಗೆದು, ಗಟ್ಟಿ ಗೋಡೆಯನ್ನು ಗಟ್ಟಿ ಗೋಡೆಗೆ ಸೇರಿಸಿ ಹೊಲಿಯುವುದು. ಆದರೆ ತೆಳುವು ಎಲ್ಲಿ ಮುಗಿಯುತ್ತದೆ, ಗಟ್ಟಿ ಎಲ್ಲಿ ಶುರುವಾಗುತ್ತದೆ ಎಂಬುದು ಎದೆ ತೆರೆಯುವ ಮೊದಲೇ ಗೊತ್ತಿರಬೇಕು. ಅದಕ್ಕಾಗಿ ಎಂ.ಆರ್.ಐ. ಯಂತ್ರದಲ್ಲಿ ಹೃದಯದ ಅಡ್ಡಹೋಳಿನ ಚಿತ್ರಗಳನ್ನು ತೆಗೆಸಿ, ಸಿ.ಡಿ.ಗೆ ಹಾಕಿ, ಆಕ್ಲೆಂಡಿನ ಒಂದು ಪ್ರಯೋಗಶಾಲೆಗೆ ಕಳಿಸಿದ್ದರು. ಅಲ್ಲಿ ಇಂಥ ಚಿತ್ರಗಳಿಂದ ಹೃದಯದ ಪೂರ್ತಿ ಆಕಾರವನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಈ ವೈದ್ಯರು ಹಿಂದೆ ಅಲ್ಲಿ ಕಲಿತವರು.

"ನೀವು ಹೇಗೂ ಹೋಗ್ತೀರಲ್ಲ, ನೋಡಿಕೊಂಡು ಬನ್ನಿ. ಯುಗಾದಿ ಕಳೆದ ವಾರ ಆಪರೇಷನ್ ಇಟ್ಕೊಳ್ಳೋಣ" ಎಂದರು ಅವರು.

ಹೊರಡುವ ದಿನ ಅಕ್ಕ ಚೀಲ ಕೊಟ್ಟಳು. ನಿಧಾನವಾಗಿ, ಕೈಯಲ್ಲೇ ಹೊಲಿದದ್ದು. ಆಕ್ಲೆಂಡಿನಲ್ಲಿ ಅವಳ ಚಿತ್ರಗಳನ್ನು ನೋಡುತ್ತಿದ್ದ ಪ್ರಯೋಗಶಾಲೆಯ ಹೆಂಗಸಿಗೆ ಒಂದು ರವಿಕೆಯನ್ನೇ ಕೊಡಬಹುದಿತ್ತಲ್ಲ ಎಂದು ನಾನು ತಮಾಷೆ ಮಾಡಿದೆ.

"ಅಳತೆ ಗೊತ್ತಿಲ್ದವ್ರಿಗೆ ಚೀಲ ಹೊಲಿಯದು ಕಣಾ" ಎಂದಳು. "ರವಿಕೆ ಹೊಲಿದ್ರೆ ಹೊಲಿದವ್ರದ್ದೂ ಮರ್ಯಾದೆ ಹೋಗ್ತದೆ, ಹಾಕ್ಕೊಂಡವ್ರದ್ದೂ ಹೋಗ್ತದೆ."

ಹ್ಯಾಮಿಲ್ಟನ್ ಸುತ್ತಮುತ್ತ

ಆರು ದಿನ ದನಗಳನ್ನು ನೋಡಿದೆವು. ಅವುಗಳ ಬಗ್ಗೆ ಪತ್ರಿಕೆಯಲ್ಲಿ ಆಗಲೇ ಬರೆದಿದ್ದೇನೆ. ಹೇಳದೆ ಉಳಿದದ್ದು ಎರಡೇ ಸಂಗತಿ.

ಅಲ್ಲಿ ದನಕ್ಕೆ ಹೆಸರಿಲ್ಲ, ಕಿವಿಯಲ್ಲಿ ಅಂಕಿ. ಶೆಟ್ಟಿಕೊಪ್ಪದ ನಮ್ಮ ಹಟ್ಟಿಯಲ್ಲಿ ಗೌರಿ, ಕಾವೇರಿ ಎಂದು ಕರೆದು ಬೆಳೆದ ನನಗೆ ಅದು ಒಣ ವ್ಯವಹಾರ ಎನಿಸಿತು. ಒಂದು ಹಿಂಡಿನ ನಡುವೆ ನಿಂತಿದ್ದಾಗ ಯಜಮಾನ ಒಂದು ದನದ ಬೆನ್ನು ತಟ್ಟಿ, ಅದರ ಕಿವಿ ನೋಡದೆಯೇ ಅಂಕಿ ಹೇಳಿದ. ಅದರ ತಾಯಿಯ ಅಂಕಿಯನ್ನೂ ಹೇಳಿದ. ಆ ತಾಯಿ ಯಾವ ಚಳಿಗಾಲದಲ್ಲಿ ಸತ್ತಿತೆಂದೂ ಹೇಳಿದ. ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದ 'ಒಣ ವ್ಯವಹಾರ' ಎಂಬ ಮಾತನ್ನು ಹೊಡೆದುಹಾಕಿದೆ.

ಎರಡನೆಯದು, ಬಸ್ಸಿನಿಂದ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಯೂ ಹೇಳುತ್ತಾರೆ. ಮುದುಕರು, ಶಾಲೆ ಮಕ್ಕಳು, ಕುಡಿದವರು ಕೂಡ. ನರಸಿಂಹರಾಜಪುರದ ಬಸ್ಸಿನಲ್ಲಿ ಹಾಗೆ ಹೇಳಿದರೆ ಇವರು ಏನೋ ಮರೆತು ಇಳಿದರು ಎಂದುಕೊಂಡು ಡ್ರೈವರ್ ಬಸ್ಸು ನಿಲ್ಲಿಸಿಯಾನು.

ಆಕ್ಲೆಂಡ್, ಮೊದಲ ದಿನ

ಉಳಿದವರು ಸಮುದ್ರ ನೋಡಲು ಹೋದರು. ನಾನು ಚೀಲ ಹಿಡಿದು ಪ್ರಯೋಗಶಾಲೆಯ ಎರಡನೇ ಮಹಡಿ ಹತ್ತಿದೆ.

ನನ್ನನ್ನು ಎದುರುಗೊಂಡ ರೂತ್ ಐವತ್ತು ದಾಟಿದ ಎಂಜಿನಿಯರು. ಬರಿಗಾಲಿನಲ್ಲಿದ್ದರು. ಅವರ ಹಿಂದೆ ಕಾಗದ ಹಿಡಿದು ಹೋದ ಒಬ್ಬಾತನದ್ದೂ ಬರಿಗಾಲು. ಇದು ಚಪ್ಪಲಿ ಬಿಟ್ಟು ಒಳಗೆ ಹೋಗುವ ಜಾಗ ಎಂದು ತಿಳಿದು ನಾನು ಬೂಟು ಬಿಚ್ಚಿ ಮೆಟ್ಟಿಲ ಪಕ್ಕ ಜೋಡಿಸಿಟ್ಟೆ. ಅದು ಆ ದೇಶದ ಎಲ್ಲ ಕಡೆಯ ಅಭ್ಯಾಸ, ಅಂಗಡಿಗೂ ಬರಿಗಾಲಲ್ಲೇ ಹೋಗುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ.

ರೂತ್ ಚೀಲವನ್ನು ಭುಜಕ್ಕೆ ಹಾಕಿಕೊಂಡೇ ಕಂಪ್ಯೂಟರಿನ ಮುಂದೆ ಕೂತರು.

"ಇದು ನಿಮ್ಮ ಅಕ್ಕ" ಎಂದರು.

ಪರದೆಯ ಮೇಲೆ ಬೂದು ಬಣ್ಣದ ಒಂದು ಉಂಗುರ. ಹೃದಯದ ಎಡ ಕೋಣೆಯನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಗೋಡೆ ಅದು. ಇಂಥ ಹತ್ತು ಹೋಳುಗಳು, ತುದಿಯಿಂದ ಮೇಲಕ್ಕೆ. ಪ್ರತಿ ಹೋಳಿನಲ್ಲಿ ಗೋಡೆಯ ಒಳ ಅಂಚು, ಹೊರ ಅಂಚುಗಳ ಮೇಲೆ ರೂತ್ ಕೈಯಿಂದಲೇ ಚುಕ್ಕಿ ಇಟ್ಟಿದ್ದರು. ಹೃದಯ ತುಂಬಿದಾಗ ಒಮ್ಮೆ, ಹಿಂಡಿಕೊಂಡಾಗ ಒಮ್ಮೆ. ಯಂತ್ರಕ್ಕೆ ಬಿಟ್ಟರೆ ರಕ್ತವೆಲ್ಲಿ ಮಾಂಸವೆಲ್ಲಿ ಎಂದು ತಪ್ಪುತ್ತದೆ, ಅದಕ್ಕೇ ಕಣ್ಣು ಬೇಕು ಎಂದರು. ಹತ್ತು ಹೋಳುಗಳ ಚುಕ್ಕಿಗಳನ್ನು ಒಂದರ ಮೇಲೊಂದು ನಿಲ್ಲಿಸಿದ ಮೇಲೆ, ಬುಟ್ಟಿಯ ಕಡ್ಡಿಗಳ ಹಾಗೆ ಅಡ್ಡ ಉದ್ದ ಗೆರೆಗಳಿರುವ ಒಂದು ಬಲೆಯನ್ನು ಅವುಗಳಿಗೆ ಹೊಂದುವವರೆಗೆ ಎಳೆಯುತ್ತಾರೆ. ಚುಕ್ಕಿ ಇಲ್ಲದ ಕಡೆ ಬಲೆ ಅಕ್ಕಪಕ್ಕವನ್ನು ನೋಡಿ ತಾನೇ ನಯವಾಗಿ ತುಂಬಿಕೊಳ್ಳುತ್ತದೆ.

ಬಲೆ ಬಂತು. ಬಡಿಯತೊಡಗಿತು. ಮೇಲಿನ ಭಾಗ ಹಿಂಡಿಕೊಳ್ಳುವಾಗ ತುದಿ ಹೊರಗೆ ಉಬ್ಬುತ್ತಿತ್ತು. ಅಕ್ಕ ಒಂದು ವರ್ಷದಿಂದ ಎದೆಯ ಮೇಲೆ ಅಂಗೈ ಇಟ್ಟು ತೋರಿಸುತ್ತಿದ್ದ ಜಾಗವನ್ನು ನಾನು ನೋಡಿದ್ದು ಆಗ.

"ನಾಲ್ಕನೇ ಹೋಳಿನವರೆಗೆ ತೆಳುವು. ಐದನೆಯದರಲ್ಲಿ ಒಳ್ಳೆಯ ಗೋಡೆ. ನಿಮ್ಮ ವೈದ್ಯರು ಹೊಲಿಯುವುದು ಇವೆರಡರ ನಡುವೆ" ಎಂದರು ರೂತ್. "ಇಲ್ಲಿ ಒಂದು ಸಣ್ಣ ತೊಂದರೆಯಿತ್ತು. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಗೋಡೆ ಮೆಟ್ಟಿಲಿನ ಹಾಗೆ ಜರುಗಿತ್ತು. ಅವರು ಮಲಗಿದಲ್ಲೇ ಪಕ್ಕಕ್ಕೆ ಸರಿದಿರಬೇಕು ಅಂದುಕೊಂಡೆ. ಉದ್ದಕ್ಕೆ ತೆಗೆದ ಚಿತ್ರಗಳನ್ನು ನೋಡಿ ತಿಳಿಯಬಹುದಿತ್ತು, ಆದರೆ ಕೊನೆಗೆ ತೆಗೆದ ಅವು ಮಸುಕಾಗಿವೆ. ಮೇಲಿನ ಆರನ್ನೂ ಪಕ್ಕಕ್ಕೆ ಸರಿಸಿ ಹೊಂದಿಸಿದೆ."

ಅಕ್ಕ ಸರಿದಿರಲಿಲ್ಲ. ಆ ದಿನ ಏನಾಯಿತೆಂದು ನನಗೆ ಗೊತ್ತಿತ್ತು.

ಸ್ಕ್ಯಾನಿನಲ್ಲಿ ಪ್ರತಿ ಹೋಳಿಗೂ ಒಮ್ಮೆ ಉಸಿರು ಪೂರ್ತಿ ಬಿಟ್ಟು, ಹಾಗೆಯೇ ತಡೆದು ಹಿಡಿಯಬೇಕಿತ್ತು. ನಾಲ್ಕು ಚಿತ್ರವಾದ ಮೇಲೆ ಅಕ್ಕ, ತೊಂದರೆಯಾದರೆ ಕರೆಯಲೆಂದು ಕೈಗೆ ಕೊಟ್ಟಿದ್ದ ರಬ್ಬರಿನ ಗುಂಡಿ ಒತ್ತಿದಳು. ಸಮಾಧಾನ ಹೇಳಲು ನನ್ನನ್ನು ಒಳಗೆ ಬಿಟ್ಟರು.

"ಬಿಟ್ಟು ಹಿಡಿಯಕ್ಕೆ ಆಗ್ತಿಲ್ಲ ಮಾರಾಯ. ಕಣ್ಣು ಕತ್ಲೆ ಬರ್ತದೆ" ಎಂದಿದ್ದಳು.

"ಹಂಗಾದ್ರೆ ಎಳ್ಕೊಂಡು ಹಿಡ್ಕೊ" ಎಂದಿದ್ದೆ ನಾನು. "ಶೃಂಗೇರಿ ಹೊಳೇಲಿ ಮುಳುಗು ಹಾಕೋವಾಗ ಹಿಡಿತಿದ್ವಲ್ಲ, ಹಂಗೆ."

ನಮ್ಮ ಕಡೆ ಮಕ್ಕಳಿಗೆ ಹೊಳೆಯ ಬಗ್ಗೆ ಹೇಳಿಕೊಡುವ ಮೊದಲ ಪಾಠ ಅದು: ಎದೆ ತುಂಬ ಉಸಿರು ಎಳೆದುಕೊಂಡು ಮುಳುಗು. ವರ್ಷಕ್ಕೊಮ್ಮೆ ಅಜ್ಜಿ ನಮ್ಮಿಬ್ಬರನ್ನೂ ತುಂಗೆಯಲ್ಲಿ ಮೂರು ಮುಳುಗು ಹಾಕಿಸುತ್ತಿದ್ದಳು. ಉಸಿರು ಬಿಟ್ಟು ಮುಳುಗುವವರನ್ನು ನಾವು ಕಂಡೇ ಇಲ್ಲ. ಅವಳ ಮುಖದಲ್ಲಿ ಗೆಲುವು ಬಂತು. ಉಳಿದ ಚಿತ್ರಗಳನ್ನು ಗುಂಡಿ ಒತ್ತದೆ ಮುಗಿಸಿದಳು. ಒಳ್ಳೆಯ ಸಲಹೆ ಕೊಟ್ಟೆನೆಂದು ನಾನು ಬೀಗಿದ್ದೆ.

"ಉಸಿರು ಎಳೆದು ಹಿಡಿದರೆ ಹೃದಯ ಎಲ್ಲಿರುತ್ತದೆ?" ಎಂದು ರೂತ್‌ರನ್ನು ಕೇಳಿದೆ.

"ಕೆಳಗೆ ಇಳಿಯುತ್ತದೆ. ಒಂದು ಬೆರಳಗಲ, ಕೆಲವರಲ್ಲಿ ಇನ್ನೂ ಹೆಚ್ಚು. ಅದಕ್ಕೇ ಎಲ್ಲವನ್ನೂ ಉಸಿರು ಬಿಟ್ಟೇ ತೆಗೆಯುವುದು. ಯಾಕೆ?"

ನಾಳೆ ಹೇಳುತ್ತೇನೆ ಎಂದೆ. ಉಸಿರು ಎಳೆದು ಹಿಡಿ ಎಂದು ನಾನು ಹೇಳಿದ್ದೇನೋ ನಿಜ. ಅಕ್ಕ ಹಾಗೆಯೇ ಮಾಡಿದಳೇ ಎಂಬುದು ಅವಳ ಬಾಯಿಂದ ಬರಬೇಕಿತ್ತು. ಕೇಳಿ ಖಚಿತ ಮಾಡಿಕೊಳ್ಳದ ಮಾತನ್ನು ನಾನು ಪತ್ರಿಕೆಗೂ ಕಳಿಸಿದವನಲ್ಲ. ಹಾಗೆಂದು ಆಗ ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಭಯವೂ ಇತ್ತು.

ಹೊರಗೆ ಬಂದರೆ ಬೂಟು ಇರಲಿಲ್ಲ. ಯಾರೋ ಬಿಟ್ಟುಹೋದದ್ದೆಂದು ಗುಡಿಸುವಾಕೆ ಕಚೇರಿಗೆ ಒಪ್ಪಿಸಿದ್ದಳು, ಕಚೇರಿ ಮುಚ್ಚಿತ್ತು. ಕಾಲುಚೀಲದಲ್ಲೇ ಬಸ್ಸು ಹತ್ತಿದೆ. ಯಾರೂ ತಿರುಗಿ ನೋಡಲಿಲ್ಲ. ಇಳಿಯುವಾಗ ನಾನೂ ಡ್ರೈವರಿಗೆ ಥ್ಯಾಂಕ್ಯೂ ಹೇಳಿದೆ.

ಆಕ್ಲೆಂಡ್, ಟೆಲಿಫೋನ್ ಬೂತ್

ಅಲ್ಲಿ ಸಂಜೆ ಆರು ಗಂಟೆ. ಕೊಪ್ಪದಲ್ಲಿ ಬೆಳಿಗ್ಗೆ ಹತ್ತೂವರೆ. ಅಂಗಡಿಯ ಫೋನನ್ನು ಅಕ್ಕನೇ ಎತ್ತಿದಳು. ಹಿಂದಿನಿಂದ ಬಸ್ಸಿನ ಹಾರನ್ ಕೇಳಿತು.

"ಅಕ್ಕ, ಅವತ್ತು ಸ್ಕ್ಯಾನಿನಲ್ಲಿ ನಾನು ಒಳಗೆ ಬಂದು ಹೋದ ಮೇಲೆ ಉಸಿರು ಹೆಂಗೆ ಹಿಡಿದೆ?"

"ಎಂತ ಮಾರಾಯ, ಹಾಲು ಕರೆಯ ಮಿಶಿನ್ ನೋಡಿ ಬಾ ಅಂತ ಕಳ್ಸಿದ್ರೆ ಅಲ್ಲಿ ನನ್ನ ಉಸ್ರು ಹುಡುಕ್ತಾ ಇದ್ಯಾ?"

"ಹೇಳು."

"ನೀನು ಹೇಳ್ದಂಗೇ. ಅವ್ರು ಬಿಡಿ ಅಂತಿದ್ರು, ಬಿಡ್ತಿದ್ದೆ. ಹಿಡೀರಿ ಅಂದ ಕೂಡ್ಲೆ ಒಂದು ಎಳ್ಕೊಂಡು ಹಿಡಿತಿದ್ದೆ. ಅವ್ರಿಗೆ ಗೊತ್ತೇ ಆಗ್ಲಿಲ್ಲ."

ಗೊತ್ತೇ ಆಗಲಿಲ್ಲ ಎಂಬುದನ್ನು ಸಣ್ಣವಳಂತೆ ಖುಷಿಯಿಂದ ಹೇಳಿದಳು. ನಾನು ವಿಷಯ ತಿಳಿಸಿದೆ. ಹೃದಯ ಕೆಳಗಿಳಿದದ್ದರಿಂದ ಐದನೇ ಚಿತ್ರ ಒಂದು ಬೆರಳಗಲ ಮೇಲಿನದ್ದು, ನಡುವಿನ ಗೋಡೆಯ ಚಿತ್ರವೇ ಇಲ್ಲ, ತಪ್ಪು ನನ್ನದು.

ಇನ್ನೊಂದು ಬಸ್ಸು ಹೋಯಿತು.

"ಹಂಗಾದ್ರೆ ಆಪರೇಷನ್?"

"ಮುಂದೆ ಹೋಗ್ತದೆ. ಮತ್ತೆ ಸ್ಕ್ಯಾನ್ ಆಗ್ಬೇಕು. ಅದ್ರಲ್ಲಿ ಎಂತ ಬರ್ತದೆ ಗೊತ್ತಿಲ್ಲ."

"ಮಳೆಗಾಲದ ಹೊತ್ತಿಗೆ ಮಿಶಿನ್ ತುಳೀಬಹುದು ಅಂದಿದ್ರು ಡಾಕ್ಟ್ರು" ಎಂದಳು. "ನೀನು ಅವ್ರಿಗೆ ಹೇಳ್ದೆ ಇದ್ರೆ?"

"ಅಲ್ಲೇ ಹೊಲೀತಾರೆ."

"ಅಲ್ಲಿ ಎಂತ ಇದೆ ಅಂತ ಗೊತ್ತಿಲ್ದೆ?"

"ಗೊತ್ತಿದೆ ಅಂದ್ಕೊಂಡು."

ಅವಳ ಉಸಿರು ಕೇಳುತ್ತಿತ್ತು.

"ಹೇಳು ಹಂಗಾದ್ರೆ. ಅಳತೆ ತಪ್ಪಿದೆ ಅಂತ ಗೊತ್ತಾದ್ಮೇಲೆ ಕತ್ರಿ ಇಡಬಾರ್ದು" ಎಂದು ಫೋನಿಟ್ಟಳು.

ಆಕ್ಲೆಂಡ್, ಎರಡನೇ ದಿನ

ಬೆಳಿಗ್ಗೆ ಕಚೇರಿಯಲ್ಲಿ ಬೂಟು ಸಿಕ್ಕಿತು. 'ಕಂದು ಬಣ್ಣ, ತುಂಬ ಸ್ವಚ್ಛ' ಎಂದು ಪುಸ್ತಕದಲ್ಲಿ ಬರೆದಿದ್ದರು.

ರೂತ್ ನನ್ನ ಮಾತನ್ನು ನಡುವೆ ತಡೆಯದೆ ಕೇಳಿದರು. ಹೊಳೆ, ಅಜ್ಜಿ, ಮೂರು ಮುಳುಗು ಎಲ್ಲವನ್ನೂ. ಪರವಾಗಿಲ್ಲ ಎನ್ನಲಿಲ್ಲ, ಬೈಯಲೂ ಇಲ್ಲ. ಕಂಪ್ಯೂಟರಿನಲ್ಲಿ ಮೇಲಿನ ಆರು ಹೋಳುಗಳನ್ನು ಹಿಡಿದು ಒಂದು ಬೆರಳಗಲ ಮೇಲಕ್ಕೆ ಎತ್ತಿದರು. ತಾನೇ ತುಂಬಿಕೊಳ್ಳುವ ಬಲೆಯ ಕೆಲಸವನ್ನು ನಿಲ್ಲಿಸಿದರು.

ಹೃದಯ ಎರಡು ತುಂಡಾಗಿ ನಿಂತಿತು. ಕೆಳಗೆ ತುದಿಯ ಬಟ್ಟಲು, ಮೇಲೆ ಉಳಿದದ್ದು, ನಡುವೆ ಸುತ್ತಲೂ ಬರಿಯ ಕಪ್ಪು. ಎರಡೂ ತುಂಡು ಬಡಿಯುತ್ತಲೇ ಇದ್ದವು. ಶಸ್ತ್ರವೈದ್ಯರು ಹೊಲಿಗೆಗೆಂದು ಕೆಂಪಿನಲ್ಲಿ ಗುರುತಿಸಿ ಕಳಿಸಿದ್ದ ಗೆರೆ ಆ ಕಪ್ಪಿನ ಅಂಚಿನಲ್ಲೇ ತೂಗುತ್ತಿತ್ತು.

ವರದಿ ಬಾರದ ಊರಿನ ಬಗ್ಗೆ ಅಕ್ಕಪಕ್ಕದ ಊರುಗಳನ್ನು ನೋಡಿ ಒಂದು ಸಾಲು ಸೇರಿಸುವ ವರದಿಗಾರರು ನಮ್ಮಲ್ಲೂ ಇದ್ದಾರೆ. ಹಾಗೆ ಸೇರಿಸಿದ ಸಾಲು ಪುಟದಲ್ಲಿ ಎಲ್ಲಕ್ಕಿಂತ ನಯವಾಗಿರುತ್ತದೆ.

"ನಾನೂ ಕೇಳಬೇಕಿತ್ತು" ಎಂದರು ರೂತ್. "ಸರಿದಿರಬೇಕು ಅಂದುಕೊಂಡೆ. ಅಂದುಕೊಳ್ಳುವುದು ಸುಲಭ, ಅಲ್ಲವೇ?"

ಅವರ ಮೇಜಿನ ಮೇಲೆ ಮುಷ್ಟಿಗಿಂತ ಸ್ವಲ್ಪ ದೊಡ್ಡದೊಂದು ಬಿಳಿಯ ಹೃದಯವಿತ್ತು. ಅಕ್ಕನ ಹೃದಯದ ಅದೇ ತಪ್ಪು ಲೆಕ್ಕದಿಂದ ಯಂತ್ರವೊಂದು ಪುಡಿಯನ್ನು ಪದರ ಪದರವಾಗಿ ಅಂಟಿಸಿ ಮಾಡಿದ್ದು, ವೈದ್ಯರಿಗೆ ಕಳಿಸಲೆಂದು ಇಟ್ಟದ್ದು. ರೂತ್ ಅದನ್ನು ಕಸದ ಬುಟ್ಟಿಗೆ ಹಾಕಹೋದರು. ನನಗೆ ಕೊಡಿ ಎಂದೆ. ಅವರು ಪೆನ್ಸಿಲ್ ತೆಗೆದುಕೊಂಡು ಅದರ ಸುತ್ತ ಒಂದೇ ಒಂದು ಗೆರೆ ಎಳೆದರು.

"ಈ ಗೆರೆಯಲ್ಲಿ ಒಂದು ಬೆರಳಗಲ ಕಾಣೆಯಾಗಿದೆ ಎಂದು ನಿಮ್ಮ ಅಕ್ಕನಿಗೆ ಹೇಳಿ."

ವೈದ್ಯರಿಗೆ ನನ್ನೆದುರೇ ಇ-ಮೇಲ್ ಬರೆದರು. ಆಪರೇಷನ್ ನಿಲ್ಲಿಸಿ ಎಂಬುದು ಮೊದಲ ಸಾಲಿನಲ್ಲೇ ಇತ್ತು.

ಬೆಂಗಳೂರು, ಮತ್ತೆ ಕೊಪ್ಪ

ನಮ್ಮ ವಿಮಾನ ನಿಲ್ದಾಣದಲ್ಲಿ ಬೂಟಿನ ಮಣ್ಣನ್ನು ಯಾರೂ ಕೇಳಲಿಲ್ಲ. ಕೈಚೀಲದಿಂದ ಬಿಳಿಯ ಗಡ್ಡೆ ಹೊರಬಂದಾಗ ಕಸ್ಟಮ್ಸಿನವರು, "ಏನ್ರೀ ಇದು, ವಿಗ್ರಹನಾ?" ಎಂದರು. ಹೃದಯ ಎಂದೆ. ತಿರುಗಿಸಿ ನೋಡಿದರು.

"ಯಾರದ್ದು?"

"ಅಕ್ಕನದ್ದು."

ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು.

ಯುಗಾದಿ ಕಳೆದು, ಆಪರೇಷನ್ನಿಗೆ ಎಂದು ಗೊತ್ತುಮಾಡಿದ್ದ ವಾರದಲ್ಲೇ ಎರಡನೇ ಸ್ಕ್ಯಾನ್ ನಡೆಯಿತು. ನನಗೆ ಈ ಸಲ ಒಳಗೆ ಪ್ರವೇಶವಿರಲಿಲ್ಲ. ಅಕ್ಕನೇ ಬೇಡ ಎಂದಿದ್ದಳು. ಹತ್ತು ಸಲ ಉಸಿರು ಬಿಟ್ಟು ಹಿಡಿದಳು. ನಡುನಡುವೆ ಎರಡು ಸಲ ಅವಳನ್ನು ಹೊರಗೆ ತೆಗೆದು ಕೂರಿಸಬೇಕಾಯಿತು. ಉದ್ದದ ಚಿತ್ರಗಳೂ ಮಸುಕಾಗದೆ ಬಂದವು ಎಂದು ತೆಗೆದವರು ಹೇಳಿದರು. ಹೊರಬಂದಾಗ ಅವಳ ತುಟಿ ಬೆಳ್ಳಗಾಗಿತ್ತು.

ರೂತ್‌ರ ಉತ್ತರ ಬರಲು ಮೂರು ವಾರ ಹಿಡಿಯಿತು. ಆ ಬೆರಳಗಲದಲ್ಲಿ ಗೋಡೆ ಮುಕ್ಕಾಲು ಸುತ್ತು ತೆಳ್ಳಗಿತ್ತು. ಗಟ್ಟಿ ಗೋಡೆ ಸಿಗುವವರೆಗೆ ಕತ್ತರಿಸಿದರೆ ಉಳಿಯುವ ಹೃದಯ ಸಾಲದು. ಆಪರೇಷನ್ ಬೇಡ, ಮಾತ್ರೆಗಳಲ್ಲೇ ನಡೆಸೋಣ ಎಂದರು ವೈದ್ಯರು. ಎಷ್ಟು ದಿನ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಂಗಡಿಗೆ ಬಂದ ಮೇಲೆ ಅಕ್ಕ ಬಿಳಿಯ ಹೃದಯವನ್ನು ಮಡಿಲಲ್ಲಿಟ್ಟುಕೊಂಡಳು. ಕೊರಳಿನ ಟೇಪು ತೆಗೆದು ಅದರ ಸುತ್ತಳತೆ ಹಿಡಿದಳು, ಉದ್ದ ಹಿಡಿದಳು. ಪೆನ್ಸಿಲ್ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಇಲ್ಲಿ ಹೊಲಿದಿದ್ರೆ ಕಿತ್ಕೊಂಡು ಬರ್ತಿತ್ತು" ಎಂದಳು. "ಜೀರ್ಣ ಆದ ಬಟ್ಟೆಗೆ ದಾರ ನಿಲ್ಲದಿಲ್ಲ."

ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು.

"ನೀನು ಅಲ್ಲಿ ಬಾಯಿ ಬಿಟ್ಟಿದ್ದು ಒಳ್ಳೇದಾಯ್ತು ಮಾರಾಯ. ಇಲ್ಲಿ ಮುಚ್ಕೊಂಡಿದ್ರೆ ಇನ್ನೂ ಒಳ್ಳೇದಿತ್ತು."

ಈಗ ಅವಳು ಮಧ್ಯಾಹ್ನದವರೆಗೆ ಮಾತ್ರ ಅಂಗಡಿಯಲ್ಲಿರುತ್ತಾಳೆ. ಯಂತ್ರ ತುಳಿಯಲು ಒಬ್ಬಳನ್ನು ಇಟ್ಟುಕೊಂಡಿದ್ದಾಳೆ. ಅಳತೆ ತೆಗೆಯುವುದು, ಕತ್ತರಿ ಇಡುವುದು ತಾನೇ. ಗಿರಾಕಿಗಳು ಅಳತೆಗೆಂದು ಕೊಟ್ಟುಹೋದ ಹಳೆಯ ರವಿಕೆಗಳನ್ನು ಮಡಿಸಿಡುವ ಹಲಗೆಯ ಮೇಲೆ, ಅವುಗಳ ಪಕ್ಕದಲ್ಲೇ ಆ ಬಿಳಿಯ ಹೃದಯ ಕೂತಿದೆ. ಬಂದವರು ಅದೆಂತದು ಎಂದು ಕೇಳುತ್ತಾರೆ. ಅಕ್ಕ ಬಟ್ಟೆಯಿಂದ ಕಣ್ಣು ತೆಗೆಯುವುದಿಲ್ಲ.

"ಅಳತೆಗೆ ಕೊಟ್ಟಿದ್ದು" ಎನ್ನುತ್ತಾಳೆ. "ಒಂದು ಬೆರಳು ಕಮ್ಮಿ ಇದೆ."